ಇಬ್ಬರಿಗೆ ಒಂದು ಸೋಫಾ: ಬಾಲ್ಕನ್ ಮನೆಗಳಲ್ಲಿ ಉಳಿದು ಊರು ನೋಡುವ ಬಗೆ

ಯುರೋಪ್ ಪ್ರವಾಸ ಎಂದಕೂಡಲೇ ನಮ್ಮವರ ಬಾಯಲ್ಲಿ ಪ್ಯಾರಿಸ್, ಸ್ವಿಟ್ಜರ್ಲೆಂಡ್, ರೋಮ್ ಬರುತ್ತವೆ. ಆಮೇಲೆ ಹೋಟೆಲ್ ದರ ನೋಡಿ ಟೂರ್ ಪ್ಯಾಕೇಜಿಗೆ ಹಣ ಕಟ್ಟುತ್ತಾರೆ. ಅದೇ ಖಂಡದ ಆಗ್ನೇಯ ಮೂಲೆಯ ಬಾಲ್ಕನ್ ನಾಡುಗಳಲ್ಲಿ ಅದರ ಅರ್ಧಕ್ಕಿಂತ ಕಡಿಮೆ ಖರ್ಚಿನಲ್ಲಿ, ಊರವರ ಮನೆಯಲ್ಲೇ ಉಳಿದು, ಅವರ ಅಡುಗೆಮನೆಯಲ್ಲಿ ಕಾಫಿ ಕುಡಿಯುತ್ತ ಸುತ್ತಬಹುದು. ಸರ್ಬಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಅಲ್ಬೇನಿಯಾ, ಕೊಸೊವೊ, ಉತ್ತರ ಮ್ಯಾಸಿಡೋನಿಯಾ: ಐರೋಪ್ಯ ಒಕ್ಕೂಟದ ಹೊರಗೇ ಉಳಿದಿರುವ ಈ ಆರು ನಾಡುಗಳನ್ನು ಮುಖ್ಯವಾಗಿ ಇಟ್ಟುಕೊಂಡು, ಜೋಡಿಯಾಗಿ ಹೊರಡುವವರಿಗೆಂದು ಈ ಬರಹ.

ಮೊದಲೇ ಒಂದು ಮಾತು ಹೇಳಿಬಿಡಬೇಕು. ಬರೀ ಹಣ ಉಳಿಸಲೆಂದು ಇನ್ನೊಬ್ಬರ ಮನೆಯಲ್ಲಿ ಉಳಿಯುವ ಯೋಚನೆ ಇದ್ದರೆ ಬಿಟ್ಟುಬಿಡಿ. ಬಾಲ್ಕನ್ನಿನಲ್ಲಿ ಬಾಡಿಗೆ ಕೋಣೆಯೇ ಅಗ್ಗ; ಕರಾವಳಿಯ ಬೇಸಿಗೆ ಬಿಟ್ಟರೆ ಇಬ್ಬರಿಗೆ 25ರಿಂದ 40 ಯೂರೋಗೆ ಚೊಕ್ಕ ಕೋಣೆ ಸಿಗುತ್ತದೆ. ಪುಕ್ಕಟೆ ಮನೆಯಲ್ಲಿ ಆ ಹಣ ಉಳಿಯುತ್ತದೆ, ಆದರೆ ಸಂಜೆ ಉಳಿಯುವುದಿಲ್ಲ. ಮನೆಯವರು ಕೆಲಸದಿಂದ ಬರುವ ಹೊತ್ತಿಗೆ ನೀವು ಮನೆ ಸೇರಬೇಕು, ಅವರ ಜೊತೆ ಕೂರಬೇಕು, ಮಾತಾಡಬೇಕು, ಅವರ ಮಾತು ಕೇಳಬೇಕು. ದಿನಕ್ಕೆ ಎಂಟು ಜಾಗ ನೋಡಿ ರಾತ್ರಿ ಬಂದು ಬಿದ್ದುಕೊಳ್ಳುವ ಜಾತಿಯವರಿಗೆ ಇದು ಹಿಡಿಸದು. ಮೂರು ರಾತ್ರಿಗೆ ಒಂದನ್ನು ಇಂಥ ಮನೆಗಳಲ್ಲಿ, ಉಳಿದ ಎರಡನ್ನು ಹಣ ಕೊಟ್ಟು ಉಳಿಯುವ ಮನೆಗಳಲ್ಲಿ ಕಳೆಯುವುದೇ ಸರಿಯಾದ ಹದ ಎಂಬುದು ನನ್ನ ಅಭಿಪ್ರಾಯ. ಗಂಡ-ಹೆಂಡತಿಗೆ ತಮ್ಮ ಪಾಡಿಗೆ ಬಾಗಿಲು ಹಾಕಿಕೊಂಡು ಜಗಳವಾಡಲಿಕ್ಕಾದರೂ ಒಂದು ಸ್ವಂತ ಕೋಣೆ ಬೇಕಾಗುತ್ತದೆ.

ಎರಡು ಬಗೆಯ ಮನೆಗಳು

ಪುಕ್ಕಟೆ ಆತಿಥ್ಯದ ಜಾಲಗಳಲ್ಲಿ ಹೆಸರುವಾಸಿಯಾದದ್ದು ಕೌಚ್‌ಸರ್ಫಿಂಗ್. 2004ರಲ್ಲಿ ಶುರುವಾದ ಇದು 2011ರಲ್ಲಿ ಲಾಭದ ಕಂಪನಿಯಾಯಿತು, 2020ರಿಂದ ಸದಸ್ಯರಿಂದ ಶುಲ್ಕ ಕೇಳತೊಡಗಿತು. ಆಗ ಬಹಳಷ್ಟು ಹಳೆಯ ಸದಸ್ಯರು ಹೊರನಡೆದರು. ಹಾಗಿದ್ದರೂ ಬೆಲ್‌ಗ್ರೇಡ್, ಸಾರಾಯೆವೊ, ತಿರಾನಾದಂಥ ರಾಜಧಾನಿಗಳಲ್ಲಿ ಅಲ್ಲಿ ಆತಿಥೇಯರು ಸಿಗುತ್ತಾರೆ. ಶುಲ್ಕವಿಲ್ಲದ ಬಿವೆಲ್ಕಮ್, ಟ್ರಸ್ಟ್‌ರೂಟ್ಸ್ ಎಂಬ ಜಾಲಗಳೂ ಇವೆ. ಜನ ಕಡಿಮೆ, ಆದರೆ ಇರುವವರು ಮನಸ್ಸಿಟ್ಟು ಉತ್ತರಿಸುವವರು. ಇವೆಲ್ಲಕ್ಕೂ ಹಿರಿಯದು ಸರ್ವಾಸ್. ಎರಡನೇ ಮಹಾಯುದ್ಧ ಮುಗಿದ ಮೇಲೆ, 1949ರಲ್ಲಿ, ಜನ ಒಬ್ಬರ ಮನೆಗೊಬ್ಬರು ಹೋಗಿ ಉಳಿದರೆ ಯುದ್ಧದ ಹಗೆ ಕರಗೀತು ಎಂಬ ನಂಬಿಕೆಯಿಂದ ಹುಟ್ಟಿದ ಸಂಘ. ಭಾರತದಲ್ಲೂ ಶಾಖೆ ಇದೆ. ಮೊದಲು ನಿಮ್ಮ ಸಂದರ್ಶನ ಮಾಡಿ ಪರಿಚಯ ಪತ್ರ ಕೊಡುತ್ತಾರೆ. ಒಂದು ಮನೆಯಲ್ಲಿ ಎರಡು ರಾತ್ರಿ ಉಳಿಯುವುದು ವಾಡಿಕೆ. ಐವತ್ತು ದಾಟಿದ ಜೋಡಿಗಳಿಗೆ ನಾನು ಸೂಚಿಸುವುದು ಇದನ್ನೇ. ಅಲ್ಲಿಯ ಆತಿಥೇಯರಲ್ಲೂ ಬಹುಮಂದಿ ಅದೇ ವಯಸ್ಸಿನವರು, ಸೋಫಾದ ಬದಲು ಹಾಸಿಗೆ ಸಿಗುವ ಸಂಭವ ಹೆಚ್ಚು.

ಎರಡನೆಯ ಬಗೆ, ಹಣ ಕೊಟ್ಟು ಉಳಿಯುವ ಮನೆ. ಹಿಂದಿನ ಯುಗೊಸ್ಲಾವಿಯಾದ ಊರುಗಳಲ್ಲಿ ಗೇಟಿನ ಮೇಲೆ ‘ಸೋಬೆ’ ಎಂದು ಫಲಕ ಕಂಡರೆ ಒಳಗೆ ಬಾಡಿಗೆಗೆ ಕೋಣೆ ಇದೆ ಎಂದೇ ತಿಳಿಯಿರಿ. ಓಹ್ರಿಡ್ ಸರೋವರದ ದಂಡೆಯಲ್ಲೂ ಮಾಂಟೆನೆಗ್ರೊ ಕರಾವಳಿಯಲ್ಲೂ ವಯಸ್ಸಾದ ಹೆಂಗಸರು ಬಸ್ ನಿಲ್ದಾಣಕ್ಕೇ ಬಂದು ಗಿರಾಕಿ ಹಿಡಿಯುವುದುಂಟು. ಕೋಣೆ ನೋಡಿ, ದರ ಮಾತಾಡಿ, ಅದು ತಲೆಗೋ ಕೋಣೆಗೋ ಎಂದು ಖಚಿತ ಮಾಡಿಕೊಂಡ ಮೇಲೆ ಬ್ಯಾಗ್ ಇಳಿಸಿ. ಅಲ್ಬೇನಿಯಾದ ಉತ್ತರದ ಬೆಟ್ಟಗಳಲ್ಲಿ, ಥೆಥ್ ಮತ್ತು ವಲ್ಬೋನಾ ಕಣಿವೆಗಳಲ್ಲಿ, ರೈತ ಕುಟುಂಬಗಳು ಮನೆಯನ್ನೇ ಅತಿಥಿಗೃಹ ಮಾಡಿಕೊಂಡಿವೆ. ಕೊಡಗು-ಚಿಕ್ಕಮಗಳೂರಿನ ಹೋಮ್‌ಸ್ಟೇ ಕಂಡವರಿಗೆ ವ್ಯವಸ್ಥೆ ಹೊಸದೆನಿಸದು. ರಾತ್ರಿ ಊಟ, ಬೆಳಗಿನ ತಿಂಡಿ ಸೇರಿ ತಲೆಗೆ 35ರಿಂದ 50 ಯೂರೋ ಆಸುಪಾಸು. ಅಗ್ಗದ ಪ್ರವಾಸದಲ್ಲಿ ಇದು ದುಬಾರಿ ರಾತ್ರಿಯೇ, ಆದರೆ ಇದೊಂದನ್ನು ಕಡಿತ ಮಾಡಬೇಡಿ. ಥೆಥ್‌ನಿಂದ ವಲ್ಬೋನಾಕ್ಕೆ ಸುಮಾರು 1,800 ಮೀಟರ್ ಎತ್ತರದ ಕಣಿವೆದಾರಿ ದಾಟಿ ಆರೇಳು ತಾಸು ನಡೆದು ಬಂದವರ ಮುಂದೆ ಆ ಮನೆಯವರು ಇಡುವ ಊಟಕ್ಕೆ ಬೆಲೆ ಕಟ್ಟಲಾಗದು.

ಮನೆ ಕೇಳುವ ಪತ್ರ

ಜೋಡಿಗೆ ಇಲ್ಲೊಂದು ಅನುಕೂಲವಿದೆ. ಒಂಟಿ ಗಂಡಸಿಗೆ ಮನೆ ಕೊಡಲು ಹಿಂಜರಿಯುವವರು ಗಂಡ-ಹೆಂಡತಿಯನ್ನು ಸುಲಭವಾಗಿ ಒಪ್ಪುತ್ತಾರೆ. ಮಕ್ಕಳಿರುವ ಕುಟುಂಬಗಳಂತೂ ಜೋಡಿಗಳನ್ನೇ ಬಯಸುತ್ತವೆ. ಅನಾನುಕೂಲವೂ ಇದೆ: ಒಬ್ಬರಿಗೆ ಜಾಗ ಇರುವ ಮನೆಯಲ್ಲಿ ಇಬ್ಬರಿಗೆ ಇರುವುದಿಲ್ಲ. ಆದ್ದರಿಂದ ಖಾತೆಯನ್ನು ಇಬ್ಬರ ಹೆಸರಲ್ಲೂ ತೆರೆದು, ಇಬ್ಬರೂ ಕಾಣುವ ಫೋಟೊ ಹಾಕಿ, ನೆಲದ ಮೇಲೆ ಮಲಗಲು ಸಿದ್ಧರೇ ಇಲ್ಲವೇ ಎಂಬುದನ್ನು ಮೊದಲೇ ಬರೆಯಿರಿ.

ಪತ್ರ ಬರೆಯುವಾಗ ಒಂದೇ ಒಕ್ಕಣೆಯನ್ನು ಇಪ್ಪತ್ತು ಜನರಿಗೆ ಅಂಟಿಸಬೇಡಿ. ಅವರ ಪರಿಚಯ ಓದಿದ್ದೀರಿ ಎಂಬುದಕ್ಕೆ ಒಂದು ಸಾಲಿನ ಸಾಕ್ಷಿ ಇರಲಿ. ಯಾವ ದಿನ, ಎಷ್ಟು ಗಂಟೆಗೆ, ಯಾವ ಬಸ್ಸಿನಲ್ಲಿ ಬರುತ್ತೀರಿ, ಎಷ್ಟು ರಾತ್ರಿ ಎಂಬುದು ಸ್ಪಷ್ಟವಾಗಿರಲಿ. ಎರಡು ರಾತ್ರಿ ಕೇಳುವುದು ಗೌರವ. ಮೂರನೆಯದನ್ನು ಅವರೇ ಹೇಳಿದರೆ ಮಾತ್ರ. ಮಾಂಸ ತಿನ್ನುವುದಿಲ್ಲ ಎಂಬುದನ್ನೂ ಮೊದಲ ಪತ್ರದಲ್ಲೇ ತಿಳಿಸಿ. ಅಲ್ಲಿ ಅತಿಥಿ ಬರುತ್ತಾರೆಂದರೆ ಮಾಂಸದಡುಗೆ ಆಗಲೇಬೇಕು ಎಂಬ ಮನೆಗಳೇ ಹೆಚ್ಚು. ಬೇಯಿಸಿಟ್ಟ ಮೇಲೆ ‘ನಾವು ಸಸ್ಯಾಹಾರಿಗಳು’ ಎಂದರೆ ಅವರಿಗೂ ಪೆಚ್ಚು, ನಿಮಗೂ ಉಪವಾಸ.

ಆತಿಥೇಯರ ಬಗ್ಗೆ ಹಿಂದಿನ ಅತಿಥಿಗಳು ಬರೆದ ಅಭಿಪ್ರಾಯಗಳನ್ನು ಹೆಂಡತಿ ಓದಿ ಒಪ್ಪಿದ ಮನೆಗೇ ಹೋಗುವುದು ಎಂಬ ಕಟ್ಟುಪಾಡು ಒಳ್ಳೆಯದು. ಗಂಡಸಿನ ಕಣ್ಣಿಗೆ ಬೀಳದ್ದು ಆಕೆಗೆ ಕಾಣುತ್ತದೆ. ಬರೀ ಒಂಟಿ ಯುವತಿಯರಿಂದಲೇ ಹೊಗಳಿಕೆ ಇರುವ ಗಂಡಸಿನ ಮನೆ, ಒಂದೇ ಸಾಲಿನ ಸಪ್ಪೆ ಹೊಗಳಿಕೆಗಳು, ಎಲ್ಲೋ ಒಂದು ಕಡೆ ‘ನಮಗೆ ಹೊಂದಿಕೆಯಾಗಲಿಲ್ಲ’ ಎಂಬ ಮೃದು ಮಾತು: ಇವನ್ನು ಕಂಡರೆ ಮುಂದಿನ ಹೆಸರಿಗೆ ಹೋಗಿ. ಮೊದಲ ಭೇಟಿ ಹೋಟೆಲ್ ಕಾಫಿಯ ಮೇಲಾಗಲಿ. ಆ ರಾತ್ರಿ ಬೇರೆ ಕೋಣೆ ಹಿಡಿಯುವಷ್ಟು ಹಣ ಯಾವತ್ತೂ ಕೈಯಲ್ಲಿರಲಿ. ಮನಸ್ಸಿಗೆ ಸರಿಬಾರದಿದ್ದರೆ ವಿವರಣೆ ಕೊಡುತ್ತ ಕೂರದೆ ಹೊರಡಿ.

ಮದುವೆಯಾಗದ ಜೋಡಿಗಳಿಗೆ ನಗರಗಳಲ್ಲಿ ಯಾರೂ ಏನೂ ಕೇಳುವುದಿಲ್ಲ. ಹಳ್ಳಿಯ ಹಿರಿಯರು ಕೇಳಬಹುದು. ಮದುವೆಯಾದವರಿಗೆ ಎರಡನೇ ಪ್ರಶ್ನೆಯೇ ‘ಮಕ್ಕಳೆಷ್ಟು?’ ಇಲ್ಲವೆಂದರೆ ‘ಯಾಕೆ?’ ಹತ್ತು ಸಾವಿರ ಮೈಲಿ ದೂರ ಓಡಿದರೂ ಈ ಪ್ರಶ್ನೆಯಿಂದ ಬಿಡುಗಡೆ ಇಲ್ಲ.

ವೀಸಾ ಎಂಬ ಗಂಟು

ಒಂದು ಕಾಲದಲ್ಲಿ ಭಾರತೀಯರು ವೀಸಾ ಇಲ್ಲದೆಯೇ ಸರ್ಬಿಯಾಕ್ಕೆ 30 ದಿನ ಹೋಗಿಬರಬಹುದಿತ್ತು. 2023ರ ಜನವರಿ 1ರಿಂದ ಆ ಸೌಲಭ್ಯ ನಿಂತಿತು. ಹಳೆಯ ವಿಡಿಯೊಗಳನ್ನು ನಂಬಿ ಟಿಕೆಟ್ ತೆಗೆಸಬೇಡಿ.

ಈಗಿನ ಕೀಲಿಕೈ ಬಹುಪ್ರವೇಶದ ಷೆಂಗೆನ್ ವೀಸಾ, ಅಂದರೆ ಯುರೋಪಿನ ಬಹುತೇಕ ದೇಶಗಳಿಗೆ ಒಟ್ಟಾಗಿ ಸಲ್ಲುವ ವೀಸಾ. ಚಾಲ್ತಿಯಲ್ಲಿರುವ ಅಂಥ ವೀಸಾ ಪಾಸ್‌ಪೋರ್ಟಿನಲ್ಲಿದ್ದರೆ ಸರ್ಬಿಯಾ, ಬೋಸ್ನಿಯಾ, ಮಾಂಟೆನೆಗ್ರೊ, ಉತ್ತರ ಮ್ಯಾಸಿಡೋನಿಯಾ, ಕೊಸೊವೊ ಬೇರೆ ವೀಸಾ ಕೇಳದೆ ಕೆಲವು ದಿನ ಒಳಗೆ ಬಿಡುತ್ತವೆ. ಸರ್ಬಿಯಾದಲ್ಲಿ ಇದು 90 ದಿನದವರೆಗೆ, ಬೋಸ್ನಿಯಾ ಮತ್ತು ಮಾಂಟೆನೆಗ್ರೊದಲ್ಲಿ 30 ದಿನ, ಉಳಿದೆಡೆ ಇನ್ನೂ ಕಡಿಮೆ. ಅಲ್ಬೇನಿಯಾ ಒಂದು ಹೆಜ್ಜೆ ಮುಂದೆ ಹೋಗಿ, ಆ ವೀಸಾವನ್ನು ಒಮ್ಮೆಯಾದರೂ ಬಳಸಿರಬೇಕು ಎನ್ನುತ್ತದೆ. ಇಲ್ಲವಾದರೆ ಅವರದೇ ಇ-ವೀಸಾ ಇದೆ. ಹಾಗಾಗಿ ಮೊದಲು ಷೆಂಗೆನ್ ವಲಯದ ಒಂದು ಊರಲ್ಲಿ ಇಳಿದು ಅಲ್ಲಿಂದ ಬಾಲ್ಕನ್ನಿಗೆ ಹೋಗುವುದು ಜಾಣತನ. ಬುಡಾಪೆಸ್ಟ್, ಅಥೆನ್ಸ್, ಝಾಗ್ರೆಬ್, ಸೋಫಿಯಾ ಯಾವುದಾದರೂ ಸರಿ. ಕ್ರೊಯೇಷಿಯಾ 2023ರಲ್ಲಿ ಷೆಂಗೆನ್ ಸೇರಿತು. ಬಲ್ಗೇರಿಯಾ, ರೊಮೇನಿಯಾಗಳು 2025ರ ಜನವರಿಯಿಂದ ಪೂರ್ತಿಯಾಗಿ ಒಳಗಾದವು. ಈ ನಿಯಮಗಳು ಹೇಳದೆ ಕೇಳದೆ ಬದಲಾಗುತ್ತವೆ. ಟಿಕೆಟಿಗೆ ಮೊದಲು ಆಯಾ ದೇಶದ ವಿದೇಶಾಂಗ ಇಲಾಖೆಯ ಜಾಲತಾಣ ನೋಡಲೇಬೇಕು.

ಷೆಂಗೆನ್ ವೀಸಾ ಶುಲ್ಕ ದೊಡ್ಡವರಿಗೆ 90 ಯೂರೋ. ಮೂರು ವರ್ಷದೊಳಗೆ ಎರಡು ವೀಸಾಗಳನ್ನು ಸರಿಯಾಗಿ ಬಳಸಿದ ಭಾರತೀಯರಿಗೆ ಎರಡು ವರ್ಷದ ಬಹುಪ್ರವೇಶ ವೀಸಾ ಕೊಡುವ ನೀತಿ 2024ರ ಏಪ್ರಿಲ್‌ನಲ್ಲಿ ಬಂದಿದೆ. ಆಗಲೇ ಯುರೋಪ್ ನೋಡಿದವರಿಗೆ ಬಾಲ್ಕನ್ ಎರಡನೇ ಸುತ್ತಿಗೆ ಹೇಳಿಮಾಡಿಸಿದಂತಿದೆ. ಅರ್ಜಿಯಲ್ಲಿ ವಸತಿಯ ಪುರಾವೆ ಬೇಕು. ‘ಅಪರಿಚಿತರ ಸೋಫಾ ಮೇಲೆ ಮಲಗುತ್ತೇವೆ’ ಎಂಬುದನ್ನು ಕಚೇರಿ ಒಪ್ಪದು. ಆ ದಿನಗಳಿಗೆ ಕೋಣೆ ಕಾಯ್ದಿರಿಸಿಯೇ ಅರ್ಜಿ ಹಾಕಿ. ಕಡ್ಡಾಯವಾದ 30,000 ಯೂರೋ ಮೊತ್ತದ ಆರೋಗ್ಯ ವಿಮೆ ಕೊಳ್ಳುವಾಗ ಅದು ಷೆಂಗೆನ್ ಹೊರಗಿನ ಬಾಲ್ಕನ್ ದೇಶಗಳಿಗೂ ಅನ್ವಯಿಸುತ್ತದೆಯೇ ಎಂದು ಓದಿ ನೋಡಿ. ಎಷ್ಟೋ ಪಾಲಿಸಿಗಳು ಗಡಿ ದಾಟಿದ ಕ್ಷಣ ನಿಂತುಹೋಗುತ್ತವೆ.

ಕೊಸೊವೊ ಬಗ್ಗೆ ಎರಡು ಎಚ್ಚರಿಕೆ. 2008ರಲ್ಲಿ ಅದು ಘೋಷಿಸಿದ ಸ್ವಾತಂತ್ರ್ಯವನ್ನು ಸರ್ಬಿಯಾ ಒಪ್ಪಿಲ್ಲ. ಬೇರೆ ದೇಶದಿಂದ ನೇರವಾಗಿ ಕೊಸೊವೊ ಹೊಕ್ಕು ಅಲ್ಲಿಂದ ಸರ್ಬಿಯಾಕ್ಕೆ ಹೋದರೆ, ಅಕ್ರಮವಾಗಿ ಬಂದಿರಿ ಎಂದು ಗಡಿಯಲ್ಲಿ ತಡೆಯುತ್ತಾರೆ. ಸರ್ಬಿಯಾ ಮೊದಲು, ಕೊಸೊವೊ ಆಮೇಲೆ ಎಂಬ ಕ್ರಮ ಇಟ್ಟುಕೊಂಡರೆ ತಲೆನೋವಿಲ್ಲ. ಭಾರತವೂ ಕೊಸೊವೊವನ್ನು ಮಾನ್ಯ ಮಾಡಿಲ್ಲ, ಅಲ್ಲಿ ನಮ್ಮ ರಾಯಭಾರ ಕಚೇರಿ ಇಲ್ಲ. ಪಾಸ್‌ಪೋರ್ಟನ್ನು ಅಲ್ಲಿ ವಿಶೇಷ ಜೋಪಾನ ಮಾಡಿ.

ಪೊಲೀಸರಿಗೆ ತಿಳಿಸಬೇಕು

ಪುಕ್ಕಟೆ ಉಳಿಯುವವರು ಸಾಮಾನ್ಯವಾಗಿ ಮರೆಯುವುದು ಇದನ್ನೇ. ಸರ್ಬಿಯಾದಲ್ಲಿ ವಿದೇಶಿಯರು ಬಂದ 24 ಗಂಟೆಯೊಳಗೆ ಅವರು ಉಳಿದಿರುವ ವಿಳಾಸ ಪೊಲೀಸರಲ್ಲಿ ದಾಖಲಾಗಬೇಕು. ಹೋಟೆಲಿನವರು ತಾವೇ ಮಾಡಿಬಿಡುತ್ತಾರೆ. ಖಾಸಗಿ ಮನೆಯಲ್ಲಾದರೆ ಮನೆಯೊಡೆಯರು ನಿಮ್ಮ ಜೊತೆ ಠಾಣೆಗೆ ಬರಬೇಕಾಗಬಹುದು. ಕೊಡುವ ಚೀಟಿಗೆ ‘ಬೇಲಿ ಕಾರ್ಟೋನ್’ ಎನ್ನುತ್ತಾರೆ. ದೇಶ ಬಿಡುವವರೆಗೆ ಅದನ್ನು ಪಾಸ್‌ಪೋರ್ಟಿನೊಳಗೇ ಇಟ್ಟುಕೊಳ್ಳಿ. ಮಾಂಟೆನೆಗ್ರೊ, ಬೋಸ್ನಿಯಾ, ಉತ್ತರ ಮ್ಯಾಸಿಡೋನಿಯಾಗಳಲ್ಲೂ ಇಂಥದೇ ನಿಯಮಗಳಿವೆ. ಕೆಲವು ಆತಿಥೇಯರು ‘ಯಾರೂ ಕೇಳಲ್ಲ ಬಿಡಿ’ ಎನ್ನುತ್ತಾರೆ. ಕೇಳಿದಾಗ ದಂಡ ತೆರುವವರು ನೀವೂ ಹೌದು, ಅವರೂ ಹೌದು. ಮನೆ ಒಪ್ಪಿಕೊಳ್ಳುವ ಹೊತ್ತಿಗೇ ಈ ವಿಷಯ ಮಾತಾಡಿ ಮುಗಿಸಿ.

ಹೊಸ್ತಿಲು ದಾಟಿದ ಮೇಲೆ

ಶೂ ಹೊರಗೆ ಬಿಡಬೇಕು ಎಂದು ನಮಗೆ ಯಾರೂ ಹೇಳಿಕೊಡಬೇಕಿಲ್ಲ. ಆದರೆ ಬರಿಗಾಲಲ್ಲಿ ಓಡಾಡಿದರೆ ಅಲ್ಲಿಯ ಅಜ್ಜಿಯರು ಗಾಬರಿಯಾಗುತ್ತಾರೆ. ಕೊಟ್ಟ ಮನೆಚಪ್ಪಲಿ ಮೆಟ್ಟಿಕೊಳ್ಳಿ. ಎದುರುಬದುರು ಕಿಟಕಿ ತೆರೆದು ಗಾಳಿ ಆಡಿಸಿದರೂ ಹಾಗೆಯೇ. ಸೊಂಟನೋವಿನಿಂದ ಹಿಡಿದು ಸಕಲ ರೋಗಕ್ಕೂ ಆ ಗಾಳಿಯೇ ಕಾರಣ ಎಂದು ಸರ್ಬಿಯಾದಲ್ಲಿ ಓದಿದವರೂ ನಂಬುತ್ತಾರೆ. ಸ್ನಾನಕ್ಕೆ ಮೊದಲು ‘ಬಾಯ್ಲರ್’ ಹಾಕಿದೆಯೇ ಎಂದು ಕೇಳಿ. ಒಂದೇ ತೊಟ್ಟಿಯ ಬಿಸಿನೀರಲ್ಲಿ ಮನೆಮಂದಿಯೆಲ್ಲ ಮೀಯಬೇಕಿರುತ್ತದೆ, ನೀವಿಬ್ಬರು ಅದನ್ನು ಖಾಲಿ ಮಾಡುವುದು ಸಲ್ಲದು.

ಕಾಫಿ ಇಲ್ಲಿ ಸಮಯ ಬೇಡುವ ಪಾನೀಯ. ಬೋಸ್ನಿಯಾದಲ್ಲಿ ಉದ್ದ ಹಿಡಿಯ ಸಣ್ಣ ತಾಮ್ರದ ಪಾತ್ರೆಯಲ್ಲಿ ಕುದಿಸಿ, ಹಿಡಿಯಿಲ್ಲದ ಪುಟ್ಟ ಬಟ್ಟಲಿಗೆ ಬಗ್ಗಿಸಿ, ಸಕ್ಕರೆ ಚೂರಿನ ಜೊತೆ ಕೊಡುತ್ತಾರೆ. ಗಸಿ ಕೆಳಗೆ ಕೂರುವವರೆಗೆ ಕಾಯಬೇಕು. ಅದನ್ನು ಒಂದೇ ಗುಟುಕಿಗೆ ಮುಗಿಸಿ ‘ಹೊರಡೋಣ’ ಎಂದರೆ ಮನೆಯವರ ಮುಖ ಬಾಡುತ್ತದೆ. ತೆಗೆದುಕೊಂಡು ಹೋಗಲು ಒಳ್ಳೆಯ ಕಾಣಿಕೆಯೂ ಕಾಫಿಯೇ. ಒಬ್ಬರ ಮನೆಗೆ ಹೋಗುವಾಗ ಕಾಫಿಪುಡಿ ಪೊಟ್ಟಣ ಒಯ್ಯುವುದು ಅಲ್ಲಿಯ ರೂಢಿ. ಚಿಕ್ಕಮಗಳೂರಿನ ಚಿಕೋರಿ ಬೆರೆಸದ ಪುಡಿಯನ್ನು ನುಣ್ಣಗೆ ಬೀಸಿಸಿ ಒಯ್ದರೆ ಅವರ ಪಾತ್ರೆಗೆ ಸರಿಹೊಂದುತ್ತದೆ. ಮೈಸೂರು ಸ್ಯಾಂಡಲ್ ಸೋಪು ಹಗುರ, ಎಲ್ಲರಿಗೂ ಇಷ್ಟ. ಧಾರವಾಡ ಪೇಡೆ ಬೇಡ: ಹಾಲಿನ ಪದಾರ್ಥಗಳನ್ನು ಹೊರಗಿನಿಂದ ಐರೋಪ್ಯ ಒಕ್ಕೂಟದೊಳಗೆ ಒಯ್ಯುವಂತಿಲ್ಲ, ನೀವು ಮೊದಲು ಇಳಿಯುವುದು ಅಲ್ಲೇ. ಹೂವು ಕೊಳ್ಳುವುದಾದರೆ ಬೆಸಸಂಖ್ಯೆಯಲ್ಲಿರಲಿ. ಸಮಸಂಖ್ಯೆಯ ಹೂವು ಸಾವಿನ ಮನೆಗೆ.

ಆಮೇಲೆ ರಾಕಿಯಾ. ಹಣ್ಣಿನಿಂದ ಬಟ್ಟಿ ಇಳಿಸಿದ ಈ ಮದ್ಯ ಬೆಳಗಿನ ಹತ್ತು ಗಂಟೆಗೂ ಮೇಜಿಗೆ ಬರಬಹುದು. ಸರ್ಬಿಯಾದ ಪ್ಲಮ್ ಹಣ್ಣಿನ ಶ್ಲಿವೊವಿತ್ಸಾ ತಯಾರಿಕೆಯ ಸಂಪ್ರದಾಯ 2022ರಲ್ಲಿ ಯುನೆಸ್ಕೊ ಪಟ್ಟಿಗೂ ಸೇರಿದೆ. ಕುಡಿಯುವುದಿಲ್ಲ ಎಂದರೆ ಯಾರೂ ಬೇಸರಿಸುವುದಿಲ್ಲ. ಆದರೆ ಅದನ್ನು ಮೊದಲ ಲೋಟಕ್ಕೆ ಮುಂಚೆಯೇ ಹೇಳಬೇಕು. ಒಂದು ಕುಡಿದು ಎರಡನೆಯದು ಬೇಡ ಎಂದರೆ ಒತ್ತಾಯದ ಮಳೆ ಸುರಿಯುತ್ತದೆ. ಕುಡಿಯುವವರು ಲೋಟ ತಾಕಿಸುವಾಗ ಎದುರಿನವರ ಕಣ್ಣು ನೋಡಬೇಕು.

ಉತ್ತರ ಅಲ್ಬೇನಿಯಾದ ಬೆಟ್ಟದ ಜನರಲ್ಲಿ ಅತಿಥಿಯ ಸ್ಥಾನಕ್ಕೆ ಕಟ್ಟಳೆಯ ಬಲವೇ ಇತ್ತು. ಲೆಕ್ ದುಕಾಜಿನಿಯ ‘ಕಾನೂನ್’ ಎಂಬ ಈ ಬಾಯಿಮಾತಿನ ಕಟ್ಟಳೆಯನ್ನು ಫ್ರಾನ್ಸಿಸ್ಕನ್ ಪಾದ್ರಿ ಶ್ಟ್ಯೆಫೆನ್ ಜೆಚೊವಿ ಊರೂರು ತಿರುಗಿ ಬರೆದುಕೊಂಡರು. 1933ರಲ್ಲಿ ಶ್ಕೋಡರ್‌ನಲ್ಲಿ ಅದು ಪುಸ್ತಕವಾಗಿ ಬಂತು. ಅದರ ಪ್ರಕಾರ ಮನೆಗೆ ಬಂದವನಿಗೆ ಕೇಡಾದರೆ ಅದು ಮನೆಯೊಡೆಯನ ಮಾನದ ಪ್ರಶ್ನೆ. ಇವತ್ತು ಯಾರೂ ಪುಸ್ತಕ ನೋಡಿ ಬಾಳುವುದಿಲ್ಲ, ಆದರೆ ಅದರ ನೆರಳು ಉಳಿದಿದೆ. ಪುಕ್ಕಟೆ ಉಳಿಸಿಕೊಂಡ ಮನೆಯಲ್ಲಿ ಹೊರಡುವಾಗ ನೋಟು ಚಾಚಿದರೆ ಅದು ಅವಮಾನ. ಸಂಜೆ ಮಾರುಕಟ್ಟೆಯಿಂದ ಹಣ್ಣು ತನ್ನಿ, ಮಕ್ಕಳಿಗೆ ಏನಾದರೂ ಕೊಡಿ, ಒಂದು ಹೊತ್ತು ನೀವೇ ಅಡುಗೆ ಮಾಡಿ. ಹಣ ಕೊಟ್ಟು ಉಳಿಯುವ ಮನೆಯಲ್ಲಿ ಮಾತ್ರ ಹೇಳಿದ ದರವನ್ನು ಸದ್ದಿಲ್ಲದೆ ಪೂರ್ತಿ ಕೊಡಬೇಕು. ಹೊರಡುವಾಗ ಚೌಕಾಸಿ ಅಸಹ್ಯ.

ಅಡುಗೆ ಮಾಡುವುದಾದರೆ ಚಿತ್ರಾನ್ನಕ್ಕೆ ಸಮವಿಲ್ಲ. ಅಕ್ಕಿ, ನಿಂಬೆ, ಈರುಳ್ಳಿ, ಕಡಲೆಬೀಜ ಎಲ್ಲೆಡೆ ಸಿಗುತ್ತವೆ. ಸಾಸಿವೆ, ಅರಿಸಿನ, ಇಂಗು ನಿಮ್ಮ ಬ್ಯಾಗಿನಲ್ಲಿರಲಿ. ಹಸಿ ಕರಿಬೇವು ಗಡಿಯಲ್ಲೇ ಹೋಗುತ್ತದೆ. ಖಾರ ನೀವು ತಿನ್ನುವುದರ ಕಾಲುಭಾಗ ಹಾಕಿ. ಒಗ್ಗರಣೆ ಹಾಕುವ ಮುಂಚೆ ಕೇಳಿಕೊಳ್ಳಿ, ಚಳಿಗಾಲದಲ್ಲಿ ಮುಚ್ಚಿದ ಮನೆಯಲ್ಲಿ ಆ ವಾಸನೆ ಎಲ್ಲರ ಕೋಟಿಗೂ ಹತ್ತುತ್ತದೆ.

ಮಾತಿನಲ್ಲಿ ಒಂದು ಎಚ್ಚರ. ಯುಗೊಸ್ಲಾವಿಯಾ ಒಡೆದ ಕಾಲದ ಯುದ್ಧದಲ್ಲಿ ಸಾರಾಯೆವೊ ಮುತ್ತಿಗೆ 1992ರಿಂದ 1996ರವರೆಗೆ ನಡೆಯಿತು. ಬೆಲ್‌ಗ್ರೇಡಿನ ಮೇಲೆ ನೇಟೊ ಬಾಂಬು ಬಿದ್ದದ್ದು 1999ರಲ್ಲಿ. ನಿಮಗೆ ಮನೆ ಕೊಟ್ಟ ನಲವತ್ತರ ಗೃಹಸ್ಥ ಆಗ ನೆಲಮಾಳಿಗೆಯಲ್ಲಿ ಅಡಗಿ ಕೂತ ಹುಡುಗ. ಯುದ್ಧದ ಬಗ್ಗೆ ನೀವಾಗಿ ಕೆದಕಬೇಡಿ. ಅವರಾಗಿ ಹೇಳಿದರೆ ಕೇಳಿ, ತೀರ್ಪು ಕೊಡಬೇಡಿ. ಮುಂದಿನ ಊರಿನಲ್ಲಿ ಅದೇ ಕತೆಯ ಇನ್ನೊಂದು ಮಗ್ಗುಲು ಕೇಳಲಿದ್ದೀರಿ. ಒಬ್ಬರ ಮನೆಯ ಮಾತನ್ನು ಇನ್ನೊಬ್ಬರ ಮನೆಗೆ ಸಾಗಿಸುವುದು ಎಲ್ಲಿಯೂ ಒಳ್ಳೆಯದಲ್ಲ, ಇಲ್ಲಂತೂ ಬೇಡವೇ ಬೇಡ.

ಮಾತು ಶುರುಮಾಡಲು ಭಾರತದ ಹೆಸರೇ ಸಾಕು. ಅಲಿಪ್ತ ದೇಶಗಳ ಮೊದಲ ಸಮ್ಮೇಳನ 1961ರಲ್ಲಿ ಬೆಲ್‌ಗ್ರೇಡಿನಲ್ಲೇ ನಡೆದದ್ದು. ಯುಗೊಸ್ಲಾವಿಯಾದ ನಾಯಕ ಟಿಟೊ ಮತ್ತು ನೆಹರೂ ಸ್ನೇಹ ಹಿರಿಯರಿಗೆ ನೆನಪಿದೆ, ಹೊಸ ಬೆಲ್‌ಗ್ರೇಡಿನಲ್ಲಿ ಗಾಂಧಿ ಹೆಸರಿನ ಬೀದಿಯೂ ಇದೆ. ಅಲ್ಬೇನಿಯನ್ನರಿಗೆ ಭಾರತವೆಂದರೆ ಮದರ್ ತೆರೇಸಾ. ಆಕೆ 1910ರಲ್ಲಿ ಸ್ಕೋಪಿಯೆಯಲ್ಲಿ ಹುಟ್ಟಿದ ಅಲ್ಬೇನಿಯನ್. ತಿರಾನಾ ವಿಮಾನ ನಿಲ್ದಾಣಕ್ಕೆ ಆಕೆಯದೇ ಹೆಸರು, ಸ್ಕೋಪಿಯೆಯಲ್ಲಿ ಸ್ಮಾರಕ ಮನೆ ಇದೆ.

ಮಾಂಸವಿಲ್ಲದ ಊಟ

ಸಸ್ಯಾಹಾರಿಗಳು ಬಾಲ್ಕನ್ನಿನಲ್ಲಿ ಬದುಕಬಹುದೇ? ಧಾರಾಳವಾಗಿ, ಕೇಳುವ ರೀತಿ ಗೊತ್ತಿದ್ದರೆ. ಆರ್ಥೊಡಾಕ್ಸ್ ಕ್ರೈಸ್ತರು ಈಸ್ಟರ್ ಮತ್ತು ಕ್ರಿಸ್‌ಮಸ್‌ಗೆ ಮುಂಚಿನ ವಾರಗಳಲ್ಲಿ, ಶ್ರದ್ಧಾವಂತರಾದರೆ ಪ್ರತಿ ಬುಧವಾರ, ಶುಕ್ರವಾರವೂ ವ್ರತ ಹಿಡಿಯುತ್ತಾರೆ. ಮಾಂಸ, ಹಾಲು, ಮೊಟ್ಟೆ ಯಾವುದೂ ಇಲ್ಲ. ಕೆಲವು ದಿನ ಮೀನಿಗೆ ಮಾತ್ರ ರಿಯಾಯಿತಿ. ಈ ವ್ರತದ ಅಡುಗೆಗೆ ‘ಪೊಸ್ನೊ’ ಎನ್ನುತ್ತಾರೆ. ಸರ್ಬಿಯಾ, ಮಾಂಟೆನೆಗ್ರೊ, ಮ್ಯಾಸಿಡೋನಿಯಾದ ಬೇಕರಿಯಲ್ಲೋ ಮನೆಯಲ್ಲೋ ‘ಪೊಸ್ನೊ ಇದೆಯಾ, ಮೀನು ಬೇಡ’ ಎಂದರೆ ವೀಗನ್ ಎಂದು ಅರ್ಧ ಗಂಟೆ ವಿವರಿಸುವ ಕೆಲಸ ತಪ್ಪುತ್ತದೆ. ಬರೀ ‘ಬೆಜ್ ಮೆಸಾ’, ಅಂದರೆ ಮಾಂಸ ಬೇಡ, ಎಂದರೆ ಕೋಳಿ ಬರುವ ಅಪಾಯವಿದೆ. ಅಲ್ಬೇನಿಯನ್ನಿನಲ್ಲಿ ‘ಪಾ ಮಿಶ್’.

ಬೆಳಗಿನ ತಿಂಡಿಗೆ ಬೇಕರಿಯೇ ಗತಿ, ಒಳ್ಳೆಯ ಗತಿ. ತೆಳು ಹಾಳೆಯ ಹಿಟ್ಟನ್ನು ಪದರ ಪದರವಾಗಿ ಸುತ್ತಿ ಸುಟ್ಟ ಬುರೆಕ್ ಎರಡು ಯೂರೋ ಆಸುಪಾಸಿಗೆ ಹೊಟ್ಟೆ ತುಂಬಿಸುತ್ತದೆ. ಸರ್ಬಿಯಾದಲ್ಲಿ ಗಿಣ್ಣಿನ (ಚೀಸ್) ಬುರೆಕ್ ಕೇಳಬಹುದು. ಬೋಸ್ನಿಯಾದಲ್ಲಿ ಬುರೆಕ್ ಅಂದರೆ ಮಾಂಸದ್ದೇ. ಗಿಣ್ಣಿನದಕ್ಕೆ ಸಿರ್ನಿತ್ಸಾ, ಪಾಲಕ್‌ನದಕ್ಕೆ ಝೆಲ್ಯಾನಿತ್ಸಾ, ಆಲೂಗಡ್ಡೆಯದಕ್ಕೆ ಕ್ರೊಂಪಿರುಶಾ ಎಂದೇ ಹೇಳಬೇಕು. ಅಲ್ಲಿ ‘ಗಿಣ್ಣಿನ ಬುರೆಕ್’ ಎಂದವರನ್ನು ಅಂಗಡಿಯವರು ಗೇಲಿ ಮಾಡದೆ ಬಿಡುವುದಿಲ್ಲ.

ಮಧ್ಯಾಹ್ನಕ್ಕೆ ಟೊಮೆಟೊ, ಸೌತೆಕಾಯಿಯ ಮೇಲೆ ಬಿಳಿ ಗಿಣ್ಣು ತುರಿದ ಶೋಪ್ಸ್ಕಾ ಸಲಾಡ್, ಮ್ಯಾಸಿಡೋನಿಯಾದ ಮಣ್ಣಿನ ಬಾಣಲೆಯಲ್ಲಿ ಬೇಯಿಸಿದ ಹುರುಳಿಕಾಯಿ ಬೀಜದ ತಾವ್ಚೆ ಗ್ರಾವ್ಚೆ, ಕೆಂಪು ದೊಣ್ಣೆಮೆಣಸಿನಕಾಯಿ ಸುಟ್ಟು ಅರೆದ ಆಯ್ವಾರ್. ಮಾಂಟೆನೆಗ್ರೊದ ಬೆಟ್ಟದ ಊರುಗಳಲ್ಲಿ ಮೆಕ್ಕೆಜೋಳದ ಹಿಟ್ಟಿನ ಕಾಚಮಾಕ್ ಸಿಗುತ್ತದೆ; ಮುದ್ದೆಯ ಹದಕ್ಕೆ ತಿರುವಿ, ಸಾರಿನ ಬದಲು ಕೆನೆ ಮತ್ತು ಗಿಣ್ಣು ಸುರಿದರೆ ಹೇಗಿರಬಹುದೋ ಹಾಗೆ. ಇನ್ನು ಹಸಿರು ಮಾರುಕಟ್ಟೆಗಳ ಹಣ್ಣು-ತರಕಾರಿ ಬೇಸಿಗೆಯಲ್ಲಿ ಅಗ್ಗವೂ ಹೌದು, ರುಚಿಯೂ ಹೌದು.

ಬಸ್ಸು, ರೈಲು, ದುಡ್ಡು

ಮೊದಲ ಸಲ ಹೋಗುವವರಿಗೆ ನಾನು ಹೇಳುವ ದಾರಿ: ಬುಡಾಪೆಸ್ಟಿನಲ್ಲಿ ಇಳಿದು ಬೆಲ್‌ಗ್ರೇಡ್, ಅಲ್ಲಿಂದ ಸಾರಾಯೆವೊ, ಮೊಸ್ತಾರ್, ಮಾಂಟೆನೆಗ್ರೊ, ಅಲ್ಬೇನಿಯಾದ ಶ್ಕೋಡರ್ ಮತ್ತು ಬೆಟ್ಟಗಳು, ಕೊಸೊವೊದ ಪ್ರಿಜ್ರೆನ್, ಕೊನೆಗೆ ಸ್ಕೋಪಿಯೆ ಮತ್ತು ಓಹ್ರಿಡ್. ಇದನ್ನು ಒಂದು ತಿಂಗಳಿಗಿಂತ ಬೇಗ ಮುಗಿಸುವ ಹಟ ಬೇಡ. ರಜೆ ಎರಡೇ ವಾರವಾದರೆ ಬೋಸ್ನಿಯಾವನ್ನೋ ಅಲ್ಬೇನಿಯಾವನ್ನೋ ಒಂದನ್ನೇ ಆರಿಸಿ. ಬೋಸ್ನಿಯಾವನ್ನು ಬಿಡುವವರಿಗೆ ಬೆಲ್‌ಗ್ರೇಡಿನಿಂದ ಆಡ್ರಿಯಾಟಿಕ್ ತೀರದ ಬಾರ್ ಎಂಬ ಊರಿಗೆ ರೈಲಿದೆ. 1976ರಲ್ಲಿ ಪೂರ್ಣಗೊಂಡ 476 ಕಿ.ಮೀ.ಗಳ ಈ ಮಾರ್ಗದಲ್ಲಿ 254 ಸುರಂಗ, 435 ಸೇತುವೆ. ನಿಧಾನದ ರೈಲು, ತಡವಾಗುವುದೂ ಸಾಮಾನ್ಯ. ಹಗಲು ಗಾಡಿ ಸಿಗುವ ಕಾಲದಲ್ಲಿ ಮಾತ್ರ ಹತ್ತಿ. ಇಲ್ಲವಾದರೆ ಅಷ್ಟೂ ಕಣಿವೆಗಳನ್ನು ಕತ್ತಲಲ್ಲಿ ದಾಟಿಬಿಡುತ್ತೀರಿ.

ಉಳಿದೆಡೆ ಬಸ್ಸೇ. ಟಿಕೆಟ್ ಬೇರೆ, ಬ್ಯಾಗನ್ನು ಕೆಳಗಿಡಲು ಡ್ರೈವರಿಗೆ ಕೊಡುವ ಚಿಲ್ಲರೆ ಬೇರೆ. ಸರ್ಬಿಯಾದ ನಿಲ್ದಾಣಗಳಲ್ಲಿ ಪ್ಲಾಟ್‌ಫಾರ್ಮ್ ಚೀಟಿಯೂ ಬೇಕು. ಅಲ್ಬೇನಿಯಾದಲ್ಲಿ ‘ಫುರ್ಗೊನ್’ ಎಂಬ ಮಿನಿಬಸ್ಸುಗಳು ತುಂಬಿದ ಮೇಲೆ ಹೊರಡುತ್ತವೆ, ಅವುಗಳ ವೇಳೆ ಅಂತರ್ಜಾಲದಲ್ಲಿ ಹುಡುಕಿ ಪ್ರಯೋಜನವಿಲ್ಲ. ಹಿಂದಿನ ರಾತ್ರಿ ಮನೆಯವರನ್ನೇ ಕೇಳಿ, ಅವರು ಡ್ರೈವರಿಗೆ ಫೋನ್ ಮಾಡಿ ಜಾಗ ಹಿಡಿಸುತ್ತಾರೆ. ಬೆಲ್‌ಗ್ರೇಡಿನ ನಗರ ಸಾರಿಗೆ 2025ರ ಜನವರಿಯಿಂದ ಎಲ್ಲರಿಗೂ ಉಚಿತ. ಬೋಸ್ನಿಯಾದ ಗುಡ್ಡಗಳಲ್ಲಿ ನಡೆಯುವಾಗ ತಲೆಬುರುಡೆಯ ಕೆಂಪು ಫಲಕ ಕಂಡರೆ ಒಂದು ಹೆಜ್ಜೆಯೂ ಮುಂದಿಡಬೇಡಿ. ಯುದ್ಧಕಾಲದ ನೆಲಬಾಂಬುಗಳನ್ನು ಇನ್ನೂ ಪೂರ್ತಿ ತೆಗೆದಿಲ್ಲ. ಬಣ್ಣದ ಗುರುತು ಹಾಕಿದ ಕಾಲುದಾರಿ ಬಿಡಬಾರದು.

ಮಾಂಟೆನೆಗ್ರೊ, ಕೊಸೊವೊ ಎರಡೂ ಯೂರೋ ಬಳಸುತ್ತವೆ. ಉಳಿದ ನಾಲ್ಕಕ್ಕೂ ತಮ್ಮದೇ ನಾಣ್ಯ. ಬೋಸ್ನಿಯಾದ ಮಾರ್ಕ್ ಗಡಿಯಾಚೆ ಕಾಗದವೇ ಸರಿ. ದಾಟುವ ಮುಂಚೆ ಖರ್ಚು ಮಾಡಿ. ಅಲ್ಬೇನಿಯಾದಲ್ಲಿ ನಗದಿನ ವ್ಯವಹಾರ ಹೆಚ್ಚು, ಎಟಿಎಂ ಶುಲ್ಕವೂ ಹೆಚ್ಚು. ಯಂತ್ರ ‘ರೂಪಾಯಿಯಲ್ಲೇ ಕಡಿತ ಮಾಡಲೇ’ ಎಂದು ಕೇಳಿದರೆ ಬೇಡ ಎನ್ನಿ, ಅವರ ವಿನಿಮಯ ದರದಲ್ಲಿ ನಷ್ಟ ನಿಮ್ಮದೇ. ಒಂದು ಸಂತೋಷದ ಸಂಗತಿ ಎಂದರೆ ಈ ಆರು ನಾಡುಗಳು 2021ರ ಜುಲೈನಿಂದ ತಮ್ಮತಮ್ಮೊಳಗಿನ ರೋಮಿಂಗ್ ಶುಲ್ಕ ತೆಗೆದುಹಾಕಿವೆ. ಒಂದೇ ಸಿಮ್ ಆರರಲ್ಲೂ ನಡೆಯುತ್ತದೆ. ಹೊರನಾಡಿನಲ್ಲಿ ಡೇಟಾಗೆ ಮಿತಿ ಎಷ್ಟೆಂದು ಕೊಳ್ಳುವಾಗ ಕೇಳಿಕೊಳ್ಳಿ. ಬಲ್ಗೇರಿಯಾ, ಕ್ರೊಯೇಷಿಯಾದ ಸಿಮ್ ಇಲ್ಲಿ ದುಬಾರಿ ಬೀಳುತ್ತದೆ.

ವಿಮಾನ, ವೀಸಾ ಬಿಟ್ಟು, ಮೂರರಲ್ಲೊಂದು ರಾತ್ರಿ ಪುಕ್ಕಟೆ ಮನೆಯಲ್ಲಿ ಉಳಿದು, ಬೇಕರಿ-ಮಾರುಕಟ್ಟೆ ನಂಬಿ, ಬಸ್ಸಿನಲ್ಲಿ ಓಡಾಡಿದರೆ ಇಬ್ಬರಿಗೂ ಸೇರಿ ದಿನಕ್ಕೆ 50ರಿಂದ 60 ಯೂರೋ ಸಾಕು ಎಂಬುದು ನನ್ನ ಅಂದಾಜು. ಯೂರೋ ನೂರು ರೂಪಾಯಿ ದಾಟಿರುವ ಈ ದಿನಗಳಲ್ಲಿ ಅದೂ ಕಡಿಮೆಯೇನಲ್ಲ. ಜುಲೈ-ಆಗಸ್ಟಿನ ಕರಾವಳಿಯಲ್ಲಿ ಈ ಲೆಕ್ಕ ಕೆಲಸ ಮಾಡದು. ಮೇ, ಜೂನ್, ಸೆಪ್ಟೆಂಬರ್ ಒಳ್ಳೆಯ ತಿಂಗಳು. ಚಳಿಗಾಲದಲ್ಲಿ ಸಾರಾಯೆವೊ, ಸ್ಕೋಪಿಯೆಗಳಲ್ಲಿ ಕಲ್ಲಿದ್ದಲು-ಸೌದೆ ಹೊಗೆ ಕವಿದು ಉಸಿರು ಕಟ್ಟುತ್ತದೆ. ಆಸ್ತಮಾ ಇರುವವರು ಆಗ ಹೋಗಲೇಬಾರದು.

ಕೊನೆಯದಾಗಿ, ಹೊರಡುವ ಆರು ತಿಂಗಳ ಮುಂಚಿನ ಕೆಲಸ. ಯಾರೂ ಒಂದು ಮಾತೂ ಬರೆದಿರದ ಹೊಸ ಖಾತೆಗೆ ಮನೆ ಸಿಗುವುದು ಕಷ್ಟ. ನಿಮ್ಮ ಬಗ್ಗೆ ನಾಲ್ಕು ಒಳ್ಳೆಯ ಮಾತು ಸೇರಿಸುವ ನೇರ ದಾರಿಯೆಂದರೆ ನೀವೇ ಮೊದಲು ಮನೆ ಕೊಡುವುದು. ಬೆಂಗಳೂರು, ಮೈಸೂರು, ಹಂಪಿಗೆ ಹತ್ತಿರದ ಹೊಸಪೇಟೆ, ಮಂಗಳೂರುಗಳಿಗೆ ಅಗ್ಗದ ಪ್ರವಾಸಿಗಳು ಬರುತ್ತಲೇ ಇರುತ್ತಾರೆ. ವಿದೇಶಿಯರನ್ನು ಮನೆಯಲ್ಲಿ ಉಳಿಸಿಕೊಂಡರೆ 24 ಗಂಟೆಯೊಳಗೆ ವಿದೇಶಿಯರ ನೋಂದಣಿ ಕಚೇರಿಗೆ (ಎಫ್‌ಆರ್‌ಆರ್‌ಒ) ಆನ್‌ಲೈನ್‌ನಲ್ಲಿ ಮಾಹಿತಿ ಕೊಡಬೇಕು. ಈ ನಿಯಮ ಖಾಸಗಿ ಮನೆಗಳಿಗೂ ಉಂಟು. ಅದನ್ನು ಪಾಲಿಸಿ, ಕೋಣೆ ಗುಡಿಸಿ, ಬೆಳಿಗ್ಗೆ ಇಡ್ಲಿ ಕೊಟ್ಟು ಕಳಿಸಿ. ಬಾಲ್ಕನ್ನಿಗೆ ಅರ್ಜಿ ಹಾಕುವುದು ಆಮೇಲೆ.